ಕಣ್ಣಿನಲ್ಲಿ ಗ್ಯಾಸ್ ಇರುವಾಗ ಅಮ್ಮನನ್ನು ಘಾಟಿ ಹತ್ತಿಸಬಹುದಾ?

ಕೇಳಿದವರು: ನಮ್ಮೂರು ಮೂಡಿಗೆರೆ ಹತ್ತಿರ. ಅಮ್ಮನ ಬಲಗಣ್ಣಿನ ರೆಟಿನಾ (ಕಣ್ಣಿನ ಹಿಂಭಾಗದ ಒಳಪದರ) ಕಳಚಿಕೊಂಡಿದೆ. ಈ ವಾರವೇ ಮಂಗಳೂರಿನಲ್ಲಿ ಆಪರೇಷನ್. ಕಣ್ಣೊಳಗೆ ಗ್ಯಾಸ್ ತುಂಬುತ್ತಾರಂತೆ. ಮರುದಿನ ಡಿಸ್ಚಾರ್ಜ್ ಅಂದಿದ್ದಾರೆ. ಸೀದಾ ಮನೆಗೆ ಕರ್ಕೊಂಡು ಬರಬಹುದಾ? ಆಮೇಲೆ ಏನೇನು ಇರುತ್ತೆ? ಗೊತ್ತಿರುವವರು ದಯವಿಟ್ಟು ಹೇಳಿ.

ಅಪ್ಪನನ್ನು ನೋಡಿಕೊಂಡವರು: ಡಾಕ್ಟರು ಒಪ್ಪುವ ತನಕ ಘಾಟಿ ಹತ್ತಿಸಲೇಬೇಡಿ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ, ನಿಮ್ಮೂರು ಸಾವಿರ ಮೀಟರ್ ಆಸುಪಾಸು. ಮೇಲೆ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಕಣ್ಣೊಳಗಿನ ಗ್ಯಾಸ್ ಹಿಗ್ಗುತ್ತದೆ. ಕಣ್ಣಿನ ಒತ್ತಡ ಏರಿ ವಿಪರೀತ ನೋವು ಬರಬಹುದು, ದೃಷ್ಟಿಯೇ ಹೋಗಬಹುದು. ವಿಮಾನ ಬೇಡ ಅಂತ ಆಸ್ಪತ್ರೆಯಲ್ಲಿ ಹೇಳಿಯೇ ಹೇಳುತ್ತಾರೆ. ಚಾರ್ಮಾಡಿ ಘಾಟಿಯ ವಿಷಯ ನೀವೇ ಬಾಯಿಬಿಟ್ಟು ಕೇಳಿ. ಯಾವ ಗ್ಯಾಸ್ ಅಂತಲೂ ಕೇಳಿ. ಎಸ್‌ಎಫ್6 ಆದರೆ ಸುಮಾರು 2–3 ವಾರದಲ್ಲಿ ಕರಗುತ್ತದೆ, ಸಿ3ಎಫ್8 ಆದರೆ 6–8 ವಾರ ಬೇಕು. ನಾವು ಅಷ್ಟು ದಿನ ಬಂಟ್ವಾಳದ ಚಿಕ್ಕಮ್ಮನ ಮನೆಯಲ್ಲೇ ಉಳಿದೆವು.

ಕಷ್ಟ ಅನಿಸಿದ್ದು ಕಣ್ಣಿನ ನೋವಲ್ಲ, ಬಗ್ಗಿಸಿದ ಕತ್ತು. ಗ್ಯಾಸಿನ ಗುಳ್ಳೆ ಯಾವಾಗಲೂ ಮೇಲಕ್ಕೇ ಏಳುತ್ತದೆ. ಮುಖ ಕೆಳಗೆ ಮಾಡಿದರೆ ಅದು ಹಿಂದಿರುವ ರೆಟಿನಾವನ್ನು ಒತ್ತಿ ಹಿಡಿಯುತ್ತದೆ. ಕೆಲವರಿಗೆ ಒಂದು ಮಗ್ಗುಲಿಗೆ ಮಲಗಲು ಹೇಳುತ್ತಾರೆ. ರೆಟಿನಾದಲ್ಲಿ ರಂಧ್ರ ಎಲ್ಲಿದೆ ಅನ್ನೋದರ ಮೇಲೆ ಅದು. ಅಂಗಾತ ಮಾತ್ರ ಮಲಗಬಾರದು. ನಾವು ಊಟದ ಮೇಜಿನ ಮೇಲೆ ಎರಡು ದಿಂಬು ಇಟ್ಟು ನಡುವೆ ಸಂದು ಬಿಟ್ಟೆವು. ಒಂದರ ಮೇಲೆ ಹಣೆ, ಇನ್ನೊಂದರ ಮೇಲೆ ಗಲ್ಲ. ಕಣ್ಣಿಗೆ ಏನೂ ತಾಗುತ್ತಿರಲಿಲ್ಲ. ಮಜ್ಜಿಗೆ, ತೆಳು ಗಂಜಿ ಎಲ್ಲಾ ಸ್ಟ್ರಾದಲ್ಲೇ. ಹೊತ್ತು ಹೋಗಲು ಮೊಬೈಲಿನಲ್ಲಿ ತಾಳಮದ್ದಳೆ ಹಾಕಿ ಕೊಡುತ್ತಿದ್ದೆ. ನಡುನಡುವೆ ಎದ್ದು ಓಡಾಡಲು ಎಷ್ಟು ಹೊತ್ತು ಬಿಡುತ್ತಾರೆ ಅಂತ ಕೇಳಿಕೊಳ್ಳಿ.

ಪಟ್ಟಿ ಬಿಚ್ಚಿದ ದಿನ ಏನೂ ಕಾಣಿಸದಿದ್ದರೆ ಅಮ್ಮ ಹೆದರಬಹುದು, ಮೊದಲೇ ಹೇಳಿಟ್ಟಿರಿ. ಗ್ಯಾಸ್ ತುಂಬಿರುವಾಗ ಬೆಳಕು, ಕೈ ಆಡಿಸಿದ್ದು, ಅಷ್ಟೇ ಗೊತ್ತಾಗೋದು. ಆಮೇಲೆ ಮೇಲಿನಿಂದ ಒಂದು ಗೆರೆ ಕಾಣುತ್ತದೆ, ತಲೆ ಅಲ್ಲಾಡಿಸಿದರೆ ನೀರಿನ ಹಾಗೆ ತುಳುಕುತ್ತದೆ. ದಿನ ಕಳೆದ ಹಾಗೆ ಗೆರೆ ಕೆಳಗಿಳಿಯುತ್ತದೆ, ಅದರ ಮೇಲ್ಭಾಗ ತಿಳಿಯಾಗುತ್ತದೆ. ‘ಇವತ್ತು ಗಡಿಯಾರ ಕಾಣ್ತಿದೆ, ಕ್ಯಾಲೆಂಡರ್ ಇನ್ನೂ ಇಲ್ಲ’ ಅಂತ ಅಪ್ಪ ಬೆಳಿಗ್ಗೆ ಎದ್ದ ಕೂಡಲೇ ಹೇಳುತ್ತಿದ್ದರು. ಕೊನೆಗೆ ಅಡಿಯಲ್ಲೊಂದು ದುಂಡನೆ ಗುಳ್ಳೆ ಉಳಿದು, ಕರಗಿಹೋಯಿತು.

ಎಣ್ಣೆ ಹಾಕಿಸಿಕೊಂಡವರು: ನನಗೆ ಸಕ್ಕರೆ ಕಾಯಿಲೆಯಿಂದ ರೆಟಿನಾ ಎಳೆದುಕೊಂಡಿತ್ತು. ಗ್ಯಾಸ್ ಬದಲು ಸಿಲಿಕಾನ್ ಎಣ್ಣೆ ತುಂಬಿದರು. ಎಣ್ಣೆ ಹಿಗ್ಗುವುದಿಲ್ಲ, ಹಾಗಾಗಿ ಘಾಟಿಯ ತಾಪತ್ರಯ ಇಲ್ಲ. ಆದರೆ ತಾನಾಗಿ ಕರಗುವುದೂ ಇಲ್ಲ, ಕೆಲವು ತಿಂಗಳ ನಂತರ ಇನ್ನೊಂದು ಆಪರೇಷನ್ ಮಾಡಿ ತೆಗೆಯುತ್ತಾರೆ. ಅಲ್ಲಿವರೆಗೆ ಕನ್ನಡಕಕ್ಕೆ ಸುಮ್ನೆ ದುಡ್ಡು ಹಾಕಬೇಡಿ, ಪವರ್ ಬದಲಾಗುತ್ತದೆ. ಕೆಂಪಗಾಗೋದು, ಮರಳು ಬಿದ್ದ ಹಾಗೆ ಚುಚ್ಚೋದು ಮೊದಲ ದಿನಗಳಲ್ಲಿ ಇದ್ದದ್ದೇ.

ಕಣ್ಣಿನ ವಾರ್ಡಿನ ನರ್ಸ್: ಒಂದು ಡ್ರಾಪ್ಸ್ ಹಾಕಿ 5 ನಿಮಿಷ ಬಿಟ್ಟು ಇನ್ನೊಂದು ಹಾಕಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ನಂದಿಬಟ್ಟಲು ಹೂವಿನ ನೀರು, ಹರಳೆಣ್ಣೆ ಯಾರು ಎಷ್ಟೇ ಹೇಳಿದರೂ ಬೇಡ. ಗ್ಯಾಸ್ ಇದೆ ಅಂತ ಕೈಗೆ ಪಟ್ಟಿ ಕಟ್ಟಿದ್ದರೆ ಬಿಚ್ಚಬೇಡಿ. ಬೇರೇನಾದರೂ ಆಪರೇಷನ್ ಬಂದರೆ ಅರಿವಳಿಕೆಗೆ ನೈಟ್ರಸ್ ಆಕ್ಸೈಡ್ ಕೊಡಬಾರದು, ಅದಕ್ಕೇ ಆ ಪಟ್ಟಿ. ನೋವು ಜಾಸ್ತಿಯಾದರೆ, ತಲೆನೋವಿನ ಜೊತೆ ವಾಂತಿ ಬಂದರೆ, ಕೀವು ಬಂದರೆ, ಹೊಸದಾಗಿ ಮಿಂಚು ಅಥವಾ ಪರದೆ ಎಳೆದ ಹಾಗೆ ಕತ್ತಲು ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ತಾತ್ಕಾಲಿಕವಾಗಿ ಉಳಿಯುವ ಮನೆಯನ್ನೂ ಆಸ್ಪತ್ರೆಗೆ ಹತ್ತಿರವೇ ನೋಡಿಕೊಳ್ಳಿ.