ದಿನಾ ಜೇಬಲ್ಲಿ ಇಟ್ಟುಕೊಳ್ಳೋಕೆ ಚಿಕ್ಕ ಕ್ಯಾಮೆರಾ: ಬಳಸಿದವರು ಅನುಭವ ಹೇಳಿ

ಹಾಸನದ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಓಡಾಡುವಾಗ ಸದಾ ಜೊತೆಗಿರುವ ಒಂದು ಚಿಕ್ಕ ಡಿಜಿಟಲ್ ಕ್ಯಾಮೆರಾ ಬೇಕು. ಮಗಳಿಗೆ ನಾಲ್ಕು ವರ್ಷ, ಒಂದು ಕಡೆ ನಿಲ್ಲಲ್ಲ. ಸಂಜೆ ಮನೆಯೊಳಗೆ ಟ್ಯೂಬ್‌ಲೈಟ್ ಬೆಳಕಲ್ಲಿ ಫೋನಿನ ಫೋಟೋ ಎಲ್ಲಾ ಮಸುಕು. ಮಗಳು, ವಾರದ ಸಂತೆ, ಶಾಲೆಯ ಕಾರ್ಯಕ್ರಮ, ಇಷ್ಟೇ ನನ್ನ ಫೋಟೋಗ್ರಫಿ. ಬಜೆಟ್ 40,000. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಬಳಸಿದವರು ಹೇಳಿ.

ಗಾಂಧಿಬಜಾರ್ ರೌಂಡ್ಸ್:
ರಿಕೋ ಜಿಆರ್ 3 ತಗೊಳ್ಳಿ ಮೇಷ್ಟ್ರೇ. ಬೇರೆ ಯಾವುದನ್ನೂ ನೋಡಬೇಡಿ. ನಾನು ದಿನಾ ಬಳಸುವುದು ಅದನ್ನೇ.

ಬ್ಯಾಟರಿ, ಕಾರ್ಡ್ ಎಲ್ಲಾ ಸೇರಿ 257 ಗ್ರಾಂ. ಅಷ್ಟರೊಳಗೆ, ಲೆನ್ಸ್ ಬದಲಿಸುವ ದೊಡ್ಡ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಇರುವಷ್ಟೇ ದೊಡ್ಡ ಎಪಿಎಸ್-ಸಿ ಅಳತೆಯ ಸೆನ್ಸರ್ (ಬೆಳಕು ಹಿಡಿದು ಫೋಟೋ ಮಾಡುವ ಚಿಪ್). ಝೂಮ್ ಇಲ್ಲ, ಫ್ಲ್ಯಾಶ್ ಇಲ್ಲ, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಇಲ್ಲದ್ದರ ಪಟ್ಟಿ ನೋಡಿ ಜನ ಹೆದರುತ್ತಾರೆ. ಕೈಯಲ್ಲಿ ಹಿಡಿದ ಮೇಲೆ ಯಾರೂ ಆ ಮಾತು ಎತ್ತಲ್ಲ. ಕಾರ್ತಿಕ ಮಾಸದ ಕಡಲೆಕಾಯಿ ಪರಿಷೆಗೆ ನಾನು ತಪ್ಪದೆ ಹೋಗುತ್ತೇನೆ. ಬುಲ್ ಟೆಂಪಲ್ ರಸ್ತೆ ಗಿಜಿಗುಡುತ್ತಿರುತ್ತದೆ. ಅಲ್ಲಿ ದೊಡ್ಡ ಕ್ಯಾಮೆರಾ ಎತ್ತಿದರೆ ಜನ ಸೆರಗು ಸರಿ ಮಾಡಿಕೊಂಡು ನಿಂತುಬಿಡುತ್ತಾರೆ. ನಾನು ಸ್ನ್ಯಾಪ್ ಫೋಕಸ್ (ದೂರ ಮೊದಲೇ ಗೊತ್ತುಮಾಡಿ ಇಡುವ ಫೋಕಸ್) 2 ಮೀಟರ್‌ಗೆ ಇಡುತ್ತೇನೆ, ಅಪರ್ಚರ್ ಅಂದರೆ ಲೆನ್ಸಿನ ಕಿಂಡಿ ಎಫ್/8 (ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಇದರ 28 ಎಂಎಂ ಲೆನ್ಸಿನ ಅಗಲ ನೋಟಕ್ಕೆ ಹೆಚ್ಚುಕಮ್ಮಿ ಒಂದು ಮೀಟರ್‌ನಿಂದ ಆಚೆಗೆ ಎಲ್ಲಾ ಶಾರ್ಪ್. ಫೋಕಸ್‌ಗೆ ಕಾಯುವ ಮಾತೇ ಇಲ್ಲ. ಕಡಲೆಕಾಯಿ ಮಾರುವ ಅಜ್ಜಿ ಸೇರು ಅಳೆದು ಚೀಲಕ್ಕೆ ಸುರಿದು, ಮೇಲೊಂದು ಹಿಡಿ ಕೊಸರು ಹಾಕುತ್ತಾರಲ್ಲ, ಆ ಕೈ, ಬೆರಳ ಸಂದಿಯಿಂದ ಜಾರುವ ಕಾಯಿ, ಉಗುರಲ್ಲಿ ಕೂತ ಕೆಂಪು ಮಣ್ಣು, ಎಲ್ಲಾ ಸಿಕ್ಕಿದೆ. ಅಜ್ಜಿಗೆ ಗೊತ್ತೇ ಆಗಲಿಲ್ಲ. ಆಮೇಲೆ ಸ್ಕ್ರೀನ್‌ನಲ್ಲಿ ತೋರಿಸಿದೆ, ಇನ್ನೊಂದು ಹಿಡಿ ಕೊಟ್ಟರು.

ಖರ್ಚು: ಸೆಕೆಂಡ್ ಹ್ಯಾಂಡ್ 58,000. ಬ್ಯಾಟರಿ ಸುಮಾರು 200 ಫೋಟೋಗೆ ಮುಗಿಯುತ್ತದೆ, ಹಾಗಾಗಿ ಇನ್ನೆರಡು ಬ್ಯಾಟರಿ, 3,600. ಕೈಗೆ ಸಿಕ್ಕಿಸುವ ಪಟ್ಟಿ 450. 40,000 ಅಂದಿದ್ದೀರಿ, ಸ್ವಲ್ಪ ಕಾದು ಕೂಡಿಸಿ ಇದನ್ನೇ ತಗೊಳ್ಳಿ.

ವೆಸ್ಟ್ ಆಫ್ ಕಾರ್ಡ್ ರೋಡ್:
ಧೂಳಿನ ವಿಷಯ ಬಿಟ್ಟೇಬಿಟ್ಟರಲ್ಲ ಸಾರ್.

ನನ್ನದೂ ಜೇಬಿಗೆ ಹೋಗುವ, ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾನೇ. ಕಂಪನಿ ಹೆಸರು ಬೇಡ. ಇಂಥ ಕ್ಯಾಮೆರಾಗಳ ಲೆನ್ಸ್ ಆನ್ ಮಾಡಿದಾಗ ಹೊರಗೆ ಬರುತ್ತದೆ, ಆಫ್ ಮಾಡಿದಾಗ ಒಳಗೆ ಹೋಗುತ್ತದೆ. ಪ್ರತಿ ಸಲ ಗಾಳಿ ಎಳೆದುಕೊಳ್ಳುತ್ತದೆ, ಗಾಳಿ ಜೊತೆ ಧೂಳು. ಲೆನ್ಸ್ ಬಿಚ್ಚುವ ಹಾಗಿಲ್ಲ, ಆದ್ದರಿಂದ ಸೆನ್ಸರ್ ನಾವೇ ಒರೆಸೋಕೂ ಆಗಲ್ಲ. ಮೆಟ್ರೋ ಕೆಲಸ ನಡೆಯುವ ರಸ್ತೆಯಲ್ಲಿ ದಿನಾ ಓಡಾಡುವವನು ನಾನು. ಒಂದು ದಿನ ಫೋಟೋದ ಆಕಾಶದಲ್ಲಿ ಬೂದು ಚುಕ್ಕೆ ಕಂಡಿತು. ಬಿಳಿ ಗೋಡೆಗೆ ಹಿಡಿದು ಎಫ್/16ರಲ್ಲಿ ತೆಗೆದು ನೋಡಿದೆ, ಕಿಂಡಿ ಚಿಕ್ಕದಾದಷ್ಟೂ ಧೂಳು ಎದ್ದು ಕಾಣುತ್ತದೆ. ಮೇಲೆ ಎಡಗಡೆ ಎರಡು, ನಡುವೆ ಒಂದು, ಕೆಳಗೆ ಕೂದಲೆಳೆಯಂಥದ್ದು ಒಂದು.

ಲೆಕ್ಕ ಬರೆದುಕೊಳ್ಳಿ. ಕ್ಯಾಮೆರಾಗೆ 52,000. ಸರ್ವಿಸ್ ಸೆಂಟರ್‌ನಲ್ಲಿ ಬಿಚ್ಚಿ ನೋಡೋಕೇ 500, ಜಿಎಸ್‌ಟಿ ಸೇರಿ 590. ಎಸ್ಟಿಮೇಟ್ 14,500. ಅದಕ್ಕೆ 18% ಅಂದರೆ 2,610. ಹೋಗಿ ಬರೋ ಕೊರಿಯರ್ 650. ಒಟ್ಟು 18,350! ನಾಲ್ಕು ಚುಕ್ಕೆ ಒರೆಸೋಕೆ. ವಾರಂಟಿ ಇತ್ತಲ್ಲ ಅಂದರೆ, ಅಂಗಡಿಯವನು ಕೊಟ್ಟ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರೇ ಇಲ್ಲ, ಇದು ಹೊರದೇಶದಿಂದ ಬಂದ ಮಾಲು ಅಂದರು. ಅಂಗಡಿಯವನನ್ನು ಕೇಳಿದರೆ "ಸಾರ್, ಅದು ಶಾಪ್ ವಾರಂಟಿ" ಅಂದ. ಶಾಪ್ ವಾರಂಟಿ ಅಂದರೆ ಅಂಗಡಿಯಲ್ಲಿ ಕೂರಿಸಿ ಟೀ ಕೊಡೋದಾ?

ಗಾಂಧಿಬಜಾರ್ ರೌಂಡ್ಸ್:
ಜೀನ್ಸ್ ಜೇಬಿಗೆ ನೇರವಾಗಿ ಹಾಕಿದರೆ ಇನ್ನೇನಾಗುತ್ತದೆ? ಜೇಬಿನ ತಳದಲ್ಲಿರುವ ನೂಲಿನ ಹಿಂಜೇ ಮೊದಲ ಶತ್ರು. ಒಂದು ಪೌಚ್ 300 ರೂಪಾಯಿ. ನನ್ನದರಲ್ಲಿ ಇವತ್ತಿಗೂ ಒಂದು ಚುಕ್ಕೆ ಇಲ್ಲ.

ವೆಸ್ಟ್ ಆಫ್ ಕಾರ್ಡ್ ರೋಡ್:
ಜೇಬಲ್ಲಿ ಇಡಿ ಅಂತ ನೀವೇ ಹೇಳ್ತೀರಿ, ಜೇಬಲ್ಲಿ ಇಟ್ಟಿದ್ದೇ ತಪ್ಪು ಅಂತಲೂ ನೀವೇ ಹೇಳ್ತೀರಿ. ನನ್ನದು ಪೌಚಿನಲ್ಲೇ ಇತ್ತು. ನಿಮ್ಮದರಲ್ಲಿ ಚುಕ್ಕೆ ಇಲ್ಲ ಅಂದರೆ ಎಫ್/16ಕ್ಕೆ ಹಾಕಿ ಗೋಡೆಗೆ ಹಿಡಿದು ನೋಡಿಲ್ಲ ಅಂತ ಅರ್ಥ. ಇವತ್ತು ನೋಡಿ. ಆಮೇಲೆ ಮಾತಾಡೋಣ.

ತೀರ್ಥಹಳ್ಳಿ ಮಳೆಗಾಲ:
ಧೂಳು ಒಂದು ಸಮಸ್ಯೆಯಾ ಮಾರಾಯ್ರೇ? ನಮ್ಮ ಕಡೆ ಬನ್ನಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಚಪ್ಪಲಿಗೂ ಬೂಸ್ಟು, ಬೆಲ್ಟಿಗೂ ಬೂಸ್ಟು, ಲೆನ್ಸಿಗೂ ಬೂಸ್ಟು.

ನನ್ನದು ಸೋನಿ ಆರ್‌ಎಕ್ಸ್100, 2012ರಲ್ಲಿ ಬಂದ ಮೊದಲನೆಯದು. ಆಗ 34,000 ಚಿಲ್ಲರೆ ಕೊಟ್ಟಿದ್ದೆ. ಅದರೊಳಗಿನ ಸೆನ್ಸರಿಗೆ ಒಂದು ಇಂಚಿನದ್ದು ಅನ್ನೋದು ಹೆಸರು ಮಾತ್ರ, ನಿಜವಾದ ಅಳತೆ 13.2 ಎಂಎಂ ಅಗಲ, 8.8 ಎಂಎಂ ಎತ್ತರ. ಆ ಕಾಲದ ಬೇರೆ ಚಿಕ್ಕ ಕ್ಯಾಮೆರಾಗಳಲ್ಲಿ ಇದ್ದದ್ದು ಅದರ ಕಾಲು ಭಾಗ. ಇವತ್ತಿಗೂ ತೋಟಕ್ಕೆ ಹೋಗುವಾಗ ಅಂಗಿ ಜೇಬಲ್ಲಿ ಅದೇ ಇರುತ್ತದೆ. ಅಡಿಕೆ ಸುಲಿಯುವ ರಾತ್ರಿ, ಒಂದೇ ಬಲ್ಬಿನ ಬೆಳಕಲ್ಲಿ, ಎಫ್/1.8ಕ್ಕೆ ಹಾಕಿ ತೆಗೆದ ಫೋಟೋಗಳಿವೆ. ಈಗ ಆ ಮಂದಿಯಲ್ಲಿ ಕೆಲವರು ಇಲ್ಲ. ಆ ಫೋಟೋನೇ ದೊಡ್ಡದು ಮಾಡಿಸಿ ಅವರ ಮನೆಯಲ್ಲಿ ಹಾರ ಹಾಕಿದ್ದಾರೆ.

ಫಂಗಸ್ ಹೇಗೆ ಗೊತ್ತಾಗುತ್ತದೆ ಕೇಳಿ. ಮೊದಲು ಫೋಟೋ ಸ್ವಲ್ಪ ಮಂಜು ಮಂಜು. ಬೆಳಕಿಗೆ ಎದುರಾಗಿ ತೆಗೆದರೆ ಕಪ್ಪು ಕಪ್ಪಾಗಿ ಬರಲ್ಲ. ಆಮೇಲೆ ಲೆನ್ಸಿನೊಳಗೆ ಓರೆಯಾಗಿ ಟಾರ್ಚ್ ಬಿಟ್ಟರೆ ಅಂಚಿನಿಂದ ನಡುವಿನ ಕಡೆಗೆ ಸಣ್ಣ ಬಿಳಿ ಬೇರುಗಳು ಕಾಣುತ್ತವೆ. ಒಳಗಿನ ಗಾಜಿನ ಮೇಲೆ ಅದು. ಹೊರಗಿಂದ ಒರೆಸಿದರೆ ಏನೂ ಆಗಲ್ಲ. ತುಂಬಾ ದಿನ ಬಿಟ್ಟರೆ ಗಾಜಿನ ಕೋಟಿಂಗನ್ನೇ ತಿಂದುಹಾಕುತ್ತದೆ. ಲೆನ್ಸ್ ಪೂರ್ತಿ ಬದಲಿಸೋಕೆ 11,000 ಅಂದರು. ಶಿವಮೊಗ್ಗದಲ್ಲಿ ಒಬ್ಬ ಹಳೇ ಮೆಕ್ಯಾನಿಕ್ 2,800ಕ್ಕೆ ಬಿಚ್ಚಿ ಒರೆಸಿಕೊಟ್ಟರು. ಝೂಮ್ ಈಗ ಸ್ವಲ್ಪ ಕಿರುಗುಡುತ್ತದೆ, ಇರಲಿ. ಆಮೇಲೆ ಡ್ರೈ ಕ್ಯಾಬಿನೆಟ್ (ಒಳಗಿನ ತೇವ ತೆಗೆಯುವ ಕರೆಂಟಿನ ಪೆಟ್ಟಿಗೆ) ತಂದೆ, 7,800. ಒಳಗೆ ತೇವಾಂಶ 45% ಹತ್ತಿರ ನಿಲ್ಲಿಸಿದ್ದೇನೆ.

ಮೂಡಬಿದಿರೆ:
ಅಷ್ಟೆಲ್ಲಾ ಯಾಕೆ ಮಾರಾಯ್ರೆ? ಗಾಳಿ ಹೋಗದ ಡಬ್ಬಿ, ಒಂದು ಮುಷ್ಟಿ ಅಕ್ಕಿ. ನಮ್ಮ ಮನೆಯಲ್ಲಿ ಅಷ್ಟೇ. ಏನೂ ಆಗಿಲ್ಲ.

ತೀರ್ಥಹಳ್ಳಿ ಮಳೆಗಾಲ:
ಅಕ್ಕಿ ಹಾಕಬೇಡಿ. ಮಳೆಗಾಲದ ಅಕ್ಕಿಯಲ್ಲೇ ತೇವ ಇರುತ್ತದೆ, ಅದು ಇನ್ನೇನು ಹೀರುತ್ತದೆ? ಮೇಲಿಂದ ಅಕ್ಕಿ ಹಿಟ್ಟು ಲೆನ್ಸಿನ ಸಂದಿಗೆ ಹೋಗುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಹರಳು ಕಿಲೋಗೆ 400 ರೂಪಾಯಿ ಆಸುಪಾಸು, ಅದನ್ನು ತನ್ನಿ. ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಜೊತೆಗೆ ತೇವಾಂಶ ನೋಡುವ ಮೀಟರ್ ಒಂದು, 450. ಕ್ಯಾಬಿನೆಟ್ ಇಲ್ಲದವರಿಗೆ ಇಷ್ಟು ಸಾಕು.

ಮೂಡಬಿದಿರೆ:
ನೀವು 7,800 ಸುರಿದಿದ್ದೀರಿ ಅಂತ ಎಲ್ಲರೂ ಸುರಿಯಬೇಕಾ? ನಮ್ಮ ಅಜ್ಜ ಅಕ್ಕಿ ಮುಡಿಯಲ್ಲೇ ಎಲ್ಲಾ ಇಡುತ್ತಿದ್ದರು.

ತೀರ್ಥಹಳ್ಳಿ ಮಳೆಗಾಲ:
ಅಜ್ಜ ಕ್ಯಾಮೆರಾ ಇಟ್ಟಿದ್ದರಾ ಸ್ವಾಮಿ?

ಹುಬ್ಬಳ್ಳಿ ಸ್ಟುಡಿಯೋ:
ಎರಡೂ ಕಡೆಯವರಿಗೆ ಒಂದು ಮಾತು ರೀ. ನೀಲಿ ಬಣ್ಣದ ಸಿಲಿಕಾ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ರೊಟ್ಟಿ ಹಂಚಿನ ಮೇಲೆ, ದೋಸೆ ಕಾವಲಿ ಮೇಲೆ ಹುರಿಯಬೇಡಿ. ಅದಕ್ಕೇ ಅಂತ ಬೇರೆ ಪಾತ್ರೆ ಇಟ್ಟುಕೊಳ್ಳಿ. ಕಿತ್ತಳೆ ಬಣ್ಣದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಮಕ್ಕಳಿದ್ದಾರೆ.

ಇನ್ನು ಮೇಷ್ಟ್ರಿಗೆ. ಸ್ಟುಡಿಯೋ ನಡೆಸಿಕೊಂಡು ಬಂದವನು ನಾನು. ಕಾಂಪ್ಯಾಕ್ಟ್ ಕ್ಯಾಮೆರಾ ಕಾಲ ಮುಗಿಯಿತು ರೀ. ಈಗ ಫೋನಿನಲ್ಲೇ ಒಂದು ಇಂಚಿನ ಸೆನ್ಸರ್ ಬಂದಿದೆ. ಹತ್ತಾರು ಫ್ರೇಮ್ ಜೋಡಿಸಿ ಕತ್ತಲಲ್ಲೂ ಫೋಟೋ ಕೊಡುತ್ತದೆ. ನನ್ನ ಶೋಕೇಸಿನಲ್ಲಿ ಚಿಕ್ಕ ಕ್ಯಾಮೆರಾಗಳು ಸಾಲಾಗಿ ಸುಮ್ನೆ ಕೂತಿದ್ದವು, ಕೇಳುವವರಿಲ್ಲ. ಗುಜರಿ ರೇಟಿಗೆ ಕೊಟ್ಟೆ. 40,000 ಹಾಕಿ ಒಂದು ಒಳ್ಳೆ ಫೋನ್ ತಗೊಳ್ಳಿ, ಮಾತಾಡೋಕೂ ಆಗುತ್ತದೆ.

ಗಾಂಧಿಬಜಾರ್ ರೌಂಡ್ಸ್:
ಒಂದು ಇಂಚಿನ ಸೆನ್ಸರಿನ ಫೋನಿನ ಬೆಲೆ ಹೇಳಿ ಮೊದಲು. ಶವೋಮಿ 14 ಅಲ್ಟ್ರಾ 2024ರಲ್ಲಿ ಇಲ್ಲಿ ಬಂದಾಗ 99,999. 40,000ದ ಫೋನಿನಲ್ಲಿ ಆ ಸೆನ್ಸರ್ ಎಲ್ಲಿದೆ? ಓಡುವ ಮಗುವಿನ ಹತ್ತು ಫ್ರೇಮ್ ಜೋಡಿಸಿದರೆ ಕೈಗೆ ಎರಡು ಹೆಬ್ಬೆರಳು ಬರುತ್ತದೆ. ಮೇಷ್ಟ್ರು ಹೇಳುತ್ತಿರುವ ತೊಂದರೆಯೇ ಅದು.

ಹುಬ್ಬಳ್ಳಿ ಸ್ಟುಡಿಯೋ:
ಹಂಗಾದ್ರೆ ನಿಮ್ಮ ಎಫ್/2.8 ಲೆನ್ಸ್ ಟ್ಯೂಬ್‌ಲೈಟಿನಲ್ಲಿ ಏನು ಮಾಡುತ್ತದೆ ಹೇಳ್ರೀ. ಆಡುವ ಮಗುವಿಗೆ ಶಟರ್ 1/250 ಸೆಕೆಂಡಿನಷ್ಟಾದರೂ ಚುರುಕಾಗಿರಬೇಕು. ಅಷ್ಟು ಕಡಿಮೆ ಬೆಳಕಿಗೆ ಐಎಸ್‌ಒ (ಸಿಕ್ಕ ಬೆಳಕನ್ನು ಹಿಗ್ಗಿಸುವ ಮಟ್ಟ) 3200, 6400ಕ್ಕೆ ಹೋಗಬೇಕು, ಫೋಟೋ ಕಾಳು ಕಾಳಾಗುತ್ತದೆ. ಸ್ಟೆಬಿಲೈಸರ್ ನಿಮ್ಮ ಕೈ ನಡುಕ ನಿಲ್ಲಿಸುತ್ತದೆ, ಮಗುವನ್ನು ನಿಲ್ಲಿಸಲ್ಲ. ಫ್ಲ್ಯಾಶೂ ಇಲ್ಲ ಅಂತೀರಿ. ಮದುವೆ ಮನೆಯಲ್ಲಿ ಬೆಳಕಿಲ್ಲದೆ ಕೆಲಸ ಮಾಡಿದವರಿಗೆ ಗೊತ್ತು ಇದು. ರಸ್ತೆ ಮೇಲೆ ಅಡ್ಡಾಡಿಕೊಂಡು ಹಗಲು ಫೋಟೋ ತೆಗೆಯುವವರಿಗೆ ಅಲ್ಲ.

ಮೈಸೂರು, ಫೈನಲ್ ಇಯರ್:
ಅಂಕಲ್, ಗುಜರಿಗೆ ಹಾಕಿದ ಆ ಕ್ಯಾಮೆರಾಗಳು ಈಗ ಎಷ್ಟಕ್ಕೆ ಹೋಗುತ್ತಿವೆ ಗೊತ್ತಾ? ನಾನು ಹಳೇ ಕ್ಯಾನನ್ ಇಕ್ಸಸ್ ಒಂದನ್ನು ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ 6,500ಕ್ಕೆ ತಂದೆ. ಬ್ಯಾಟರಿ 550, ಚಾರ್ಜರ್ 400, 2 ಜಿಬಿ ಕಾರ್ಡಿಗೆ 350. ಕಾರ್ಡಿಗೇ ಜಾಸ್ತಿ ಅಲೆದಾಡಿದ್ದು. 2006ಕ್ಕಿಂತ ಹಳೇ ಕ್ಯಾಮೆರಾಗಳು ಎಸ್‌ಡಿಎಚ್‌ಸಿ ಕಾರ್ಡ್ (2 ಜಿಬಿಗಿಂತ ದೊಡ್ಡವು) ಓದಲ್ಲ, ಈಗಿನ 32 ಜಿಬಿ ಹಾಕಿದರೆ ಎರರ್. ಹಳೇ ಒಲಿಂಪಸ್, ಫ್ಯೂಜಿ ಆದರೆ ಎಕ್ಸ್‌ಡಿ ಅನ್ನೋ ಬೇರೆಯೇ ಬಗೆಯ ಕಾರ್ಡ್, ಅದು ಇನ್ನೂ ಕಷ್ಟ.

ಆದರೆ ಬಣ್ಣ! ಹಳೇ ಕ್ಯಾಮೆರಾಗಳಲ್ಲಿದ್ದ ಸಿಸಿಡಿ ಬಗೆಯ ಸೆನ್ಸರಿನ ಬಣ್ಣ ಫೋನಿನಲ್ಲಿ ಬರೋದೇ ಇಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಕುಂಕುಮದ ರಾಶಿ ತೆಗೆದಿದ್ದೇನೆ, ಕೆಂಪು ಅಂದರೆ ಕೆಂಪು. ಹಾಸ್ಟೆಲಿನಲ್ಲಿ ಎಲ್ಲರೂ ನನ್ನದನ್ನೇ ಕೇಳುತ್ತಾರೆ.

ಹುಬ್ಬಳ್ಳಿ ಸ್ಟುಡಿಯೋ:
ತಮ್ಮಾ, ಬಣ್ಣ ಸಿಸಿಡಿಯಿಂದ ಬರೋದಲ್ಲ. ಸೆನ್ಸರ್ ಮೇಲಿನ ಫಿಲ್ಟರ್, ಒಳಗಿನ ಪ್ರೊಸೆಸಿಂಗ್, ಆಮೇಲೆ ಕ್ಸೆನಾನ್ ಫ್ಲ್ಯಾಶ್, ಇವುಗಳ ಕೆಲಸ ಅದು. ಕ್ಸೆನಾನ್ ಫ್ಲ್ಯಾಶ್ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ, ಅದಕ್ಕೇ ಹಾಸ್ಟೆಲ್ ಫೋಟೋದಲ್ಲಿ ಕುಣಿಯುವವರೂ ಶಾರ್ಪ್. 6,500 ಕೊಟ್ಟೆಯಾ? ನಾನು 300ಕ್ಕೆ ಕೊಟ್ಟಿದ್ದೆ!

ಮೈಸೂರು, ಫೈನಲ್ ಇಯರ್:
ನನಗೆ ಕಾರಣ ಏನಾದರೂ ಇರಲಿ, ಫೋಟೋ ಚೆನ್ನಾಗಿದೆ. ನೀವು ಫೋನ್ ಸಾಕು ಅಂದಿರಿ. ಈಗ ನೀವೇ ಫ್ಲ್ಯಾಶ್ ಬೇಕು ಅಂತಿದ್ದೀರಿ. ಫೋನಿನ ಎಲ್‌ಇಡಿಗೆ ಆ ಕೆಲಸ ಆಗುತ್ತದಾ?

ಅಬುಧಾಬಿ ಕನ್ನಡಿಗ:
ಎಲ್ಲರೂ ಬಿಲ್, ವಾರಂಟಿ ಅಂತ ಕೂತಿದ್ದೀರಿ. ನಾನು ಕ್ಯಾನನ್ ಜಿ7ಎಕ್ಸ್ ಮಾರ್ಕ್ 3 ಬಳಸುತ್ತೇನೆ. 24ರಿಂದ 100 ಎಂಎಂ ಝೂಮ್, ಎಫ್/1.8, ಫ್ಲ್ಯಾಶ್ ಇದೆ, ಸ್ಕ್ರೀನ್ ಮೇಲಕ್ಕೆ ತಿರುಗುತ್ತದೆ. 2019ರದ್ದು, ಆದರೂ ರೀಲ್ಸ್ ಮಾಡುವವರು ಮುಗಿಬಿದ್ದು ಹಳೇದಕ್ಕೂ ಹೊಸದರ ರೇಟ್ ಮಾಡಿಟ್ಟಿದ್ದಾರೆ. ಊರಿಗೆ ಬರುವವರ ಕೈಲಿ ತರಿಸಿಕೊಳ್ಳಿ. ಜಪಾನಿನಿಂದ ತರಿಸುವವರು ಒಂದು ನೋಡಿಕೊಳ್ಳಿ, ಅಲ್ಲಿನ ಮಾರುಕಟ್ಟೆಗೆ ಮಾಡಿದ ಸೋನಿಯಲ್ಲಿ ಮೆನು ಜಪಾನಿ ಭಾಷೆ ಮಾತ್ರ.

ವೆಸ್ಟ್ ಆಫ್ ಕಾರ್ಡ್ ರೋಡ್:
ತರಿಸಿಕೊಂಡು? ಕೆಟ್ಟರೆ ರಿಪೇರಿ ಅಬುಧಾಬಿಗೆ ಕಳಿಸೋದಾ? ಕಸ್ಟಮ್ಸ್ ಗೊತ್ತಾ ನಿಮಗೆ? ನನ್ನ ಭಾವ ಬಂದಾಗ ವಿನಾಯಿತಿ ಇದ್ದದ್ದು 50,000 ತನಕ ಮಾತ್ರ. ಅದರ ಮೇಲಿನ ಮೊತ್ತಕ್ಕೆ 38.5% ಕಟ್ಟಿಸಿಕೊಂಡರು. ಹೊರಗಿನ ಮಾಲಿನಿಂದಲೇ ನನಗೆ 18,350ರ ಎಸ್ಟಿಮೇಟ್ ಬಂದಿದ್ದು. ನೀವು ಅದನ್ನೇ ಮೇಷ್ಟ್ರಿಗೆ ಹೇಳ್ತಿದ್ದೀರಿ.

ಅಬುಧಾಬಿ ಕನ್ನಡಿಗ:
ನಾನು ಹೇಳಿದ್ದು ಅಂಗಡಿ ಬಿಲ್ ಇಟ್ಟುಕೊಂಡು ತರುವ ಮಾಲು. ನಿಮ್ಮದು ಸರಿಯಾದ ಬಿಲ್ಲೇ ಇಲ್ಲದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹಾಸನದ ಮೇಷ್ಟ್ರು:
ಎಲ್ಲರಿಗೂ ಧನ್ಯವಾದ. ಹಳೇ ಆರ್‌ಎಕ್ಸ್100 ಮಾರ್ಕ್ 3 ಒಂದು 31,000ಕ್ಕೆ ಇದೆಯಂತೆ, ಇಲ್ಲೇ ಹಾಸನದಲ್ಲಿ. ನೋಡೋಕೆ ಹೋಗುವಾಗ ಏನೇನು ಪರೀಕ್ಷೆ ಮಾಡಬೇಕು?

ತೀರ್ಥಹಳ್ಳಿ ಮಳೆಗಾಲ:
2014ರದ್ದು ಅದು. 24ರಿಂದ 70 ಎಂಎಂ ಝೂಮ್, ಎಫ್/1.8ರಿಂದ 2.8, ಜೊತೆಗೆ ಮೇಲೆದ್ದು ಬರುವ ವ್ಯೂಫೈಂಡರ್. ಲೆನ್ಸಿಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಝೂಮ್ ಪೂರ್ತಿ ಹೊರಗೆ ತೆಗೆದು ಒಳಗೆ ಹಾಕಿ, ಕಿವಿ ಹತ್ತಿರ ಹಿಡಿದು. ಕರಕರ ಅಂದರೆ ಮರಳು ಹೋಗಿದೆ ಅಂತ, ವಾಪಸ್ ಕೊಟ್ಟು ಬನ್ನಿ. ಕರಾವಳಿಯಲ್ಲಿ ಇದ್ದ ಕ್ಯಾಮೆರಾನಾ ಅಂತ ಕೇಳಿ. ಅಕ್ಕಿಯಲ್ಲಿ ಇಟ್ಟಿದ್ದರಾ ಅಂತಲೂ ಕೇಳಿ.

ಮೂಡಬಿದಿರೆ:
ಮತ್ತೆ ಅಕ್ಕಿಗೇ ಬಂದಿರಾ? ನನ್ನ ಲೆನ್ಸಿಗೆ ಟಾರ್ಚ್ ಬಿಟ್ಟು ಫೋಟೋ ಹಾಕುತ್ತೇನೆ ಇವತ್ತು ಸಂಜೆ, ನೋಡಿ. ನಿಮ್ಮ ಕ್ಯಾಬಿನೆಟ್ ಕರೆಂಟ್ ಹೋದಾಗ ಏನು ಮಾಡುತ್ತದೆ? ಮಳೆಗಾಲದಲ್ಲಿ ನಿಮ್ಮ ಕಡೆ ಲೈನ್ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ.

ತೀರ್ಥಹಳ್ಳಿ ಮಳೆಗಾಲ:
ಬಾಗಿಲಿಗೆ ರಬ್ಬರ್ ಇದೆ. ತೆಗೆಯದೆ ಬಿಟ್ಟರೆ ತೇವಾಂಶ ಮೆಲ್ಲಗೆ ಏರುತ್ತದೆ, ಒಂದೇ ದಿನಕ್ಕೆ ಫಂಗಸ್ ಬೆಳೆಯಲ್ಲ. ಒಳಗೆ ಸಿಲಿಕಾ ಜೆಲ್ ಪೊಟ್ಟಣವೂ ಇಟ್ಟಿದ್ದೇನೆ. ಕಿತ್ತಳೆಯದ್ದು.

ಗಾಂಧಿಬಜಾರ್ ರೌಂಡ್ಸ್:
ಎಫ್/16ಕ್ಕೆ ಹಾಕಿ ಬಿಳಿ ಗೋಡೆಗೆ ಹಿಡಿದು ನೋಡಿದೆ. ಬಲಗಡೆ ಮೂಲೆಯಲ್ಲಿ ಒಂದು ಇದೆ. ಎಫ್/8ರಲ್ಲಿ ಕಾಣುವುದಿಲ್ಲ, ನಾನು ಅದಕ್ಕಿಂತ ಮೇಲೆ ಹೋಗುವುದೂ ಇಲ್ಲ. ಮೇಷ್ಟ್ರಿಗೆ ನನ್ನ ಸಲಹೆ ಬದಲಾಗಿಲ್ಲ. ಕಾರ್ಡ್ ರೋಡ್ ಸಾರ್, ನಿಮ್ಮದನ್ನು ಮಾರುವುದಾದರೆ ನಾನು ತಗೊಳ್ಳುತ್ತೇನೆ, 25,000.

ವೆಸ್ಟ್ ಆಫ್ ಕಾರ್ಡ್ ರೋಡ್:
ಮಾರಲ್ಲ. ಎಫ್/4ರಲ್ಲಿ ಇಟ್ಟುಕೊಂಡರೆ ನನ್ನದೂ ಚೆನ್ನಾಗಿಯೇ ತೆಗೆಯುತ್ತದೆ.