1 ಲೀಟರ್‌ನಿಂದ 1,000 ಲೀಟರ್‌ಗೆ: ರಿಯಾಕ್ಟರ್ ವಿನ್ಯಾಸಕ್ಕೆ ಅನುಭವಿಗಳ ಸಲಹೆ ಬೇಕು

ಕೇಳಿದವರು: ಪ್ರಯೋಗಾಲಯದ 1 ಲೀಟರ್ ಪಾತ್ರೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ಬಹಿರುಷ್ಣಕ (ಶಾಖ ಬಿಡುವ) ಕ್ರಿಯೆಯೊಂದನ್ನು 1,000 ಲೀಟರ್‌ನ ಗ್ಲಾಸ್ ಲೈನ್ಡ್ (ಒಳಗೋಡೆಗೆ ಗಾಜಿನ ಪದರವಿರುವ) ರಿಯಾಕ್ಟರ್‌ಗೆ ಒಯ್ಯಬೇಕಾಗಿದೆ. ತಂಪುಗೊಳಿಸಲು ಪಾತ್ರೆಯ ಹೊರಗೋಡೆ ಸುತ್ತಲಿನ ತಂಪುನೀರಿನ ಜಾಕೆಟ್ ಒಂದೇ ಸಾಕೇ, ಕಲಕಲು ಯಾವ ಇಂಪೆಲ್ಲರ್ (ಬ್ಲೇಡುಗಳ ಚಕ್ರ) ಆರಿಸಬೇಕು, ದಯವಿಟ್ಟು ತಿಳಿಸಿ.

ಉತ್ಪಾದನಾ ವಿಭಾಗದವರು: ಜಾಕೆಟ್ ಸಾಕೆಂದು ನಮಗೂ ಹೇಳಿದ್ದರು. ಆಕಾರ ಬದಲಿಸದೆ ಗಾತ್ರವನ್ನು ಸಾವಿರ ಪಟ್ಟು ಹೆಚ್ಚಿಸಿದರೆ ಹುಟ್ಟುವ ಶಾಖವೂ ಸಾವಿರ ಪಟ್ಟಾಗುತ್ತದೆ, ಗೋಡೆಯ ವಿಸ್ತೀರ್ಣ ಮಾತ್ರ ನೂರೇ ಪಟ್ಟು ಬೆಳೆಯುತ್ತದೆ. ಪೂರೈಕೆದಾರರ ಲೆಕ್ಕದಲ್ಲಿ ಇದು ಬಂದೇ ಇರಲಿಲ್ಲ. ಎರಡನೆಯ ರಾಸಾಯನಿಕವನ್ನು ಬಿಡತೊಡಗಿದೊಡನೆ ತಾಪ ಏರುತ್ತಿತ್ತು, ವಾಲ್ವ್ ಮುಚ್ಚಿ ಕಾಯಬೇಕಿತ್ತು, ಇಳಿದ ಮೇಲೆ ಮತ್ತೆ ತೆರೆಯಬೇಕಿತ್ತು. ಪ್ರಯೋಗಾಲಯದಲ್ಲಿ ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಡೋಸಿಂಗ್ ಇಡೀ ಪಾಳಿಯನ್ನೇ ನುಂಗಿತು. ಆಮೇಲೆ ಒಳಗೆ ಕಾಯಿಲ್ (ತಂಪುನೀರಿನ ಸುರುಳಿ ಕೊಳವೆ) ಹಾಕಿಸಿದರು. ಮುಚ್ಚಳಕ್ಕೆ ಹೊಸ ನಾಜಲ್ (ಕೊಳವೆ ಜೋಡಿಸುವ ಬಾಯಿ), ಮತ್ತೊಮ್ಮೆ ಒತ್ತಡ ಪರೀಕ್ಷೆ, ಉತ್ಪಾದನೆ ನಿಂತ ನಷ್ಟ, ಎಲ್ಲವೂ ನಮ್ಮ ವಿಭಾಗದ ತಲೆಗೇ ಬಂದವು. ಇಷ್ಟಾಗಿಯೂ ಕಾಯಿಲ್ ಸುತ್ತ ಉಪ್ಪು ಹರಳುಗಟ್ಟಿ, ಪ್ರತಿ ಬ್ಯಾಚ್ ಮುಗಿದ ಮೇಲೂ ಬಿಸಿನೀರಿನಲ್ಲಿ ಕರಗಿಸಿ ತೊಳೆಯಬೇಕಾಯಿತು. ಈಗ ದ್ರವವನ್ನು ಪಂಪಿನಿಂದ ಹೊರಗಿನ ಹೀಟ್ ಎಕ್ಸ್‌ಚೇಂಜರ್ (ಶಾಖ ಹೊರತೆಗೆಯುವ ಉಪಕರಣ) ಮೂಲಕ ಸುತ್ತಿಸುತ್ತಿದ್ದೇವೆ. ನಾನು ಮೊದಲು ಕೇಳಿದ್ದೂ ಅದನ್ನೇ, ಯಾರೂ ಕಿವಿಗೊಡಲಿಲ್ಲ.

ನಿರ್ವಹಣಾ ವಿಭಾಗದವರು: ಗ್ಲಾಸ್ ಲೈನ್ಡ್ ಪಾತ್ರೆಯ ಬಗ್ಗೆ ಕೇಳಿದವರಿಗೆ ಕಾಯಿಲ್ ಕಥೆಯಿಂದ ಏನು ಪ್ರಯೋಜನ? ನಮ್ಮಲ್ಲಿ ತೊಂದರೆ ಇದ್ದದ್ದು ಅಜಿಟೇಟರಿನಲ್ಲಿ, ಅಂದರೆ ಕಲಕುವ ಯಂತ್ರದಲ್ಲಿ. ಹರಳು ತಳದಲ್ಲಿ ಕೂರದಿದ್ದರೆ ಸಾಕಾಗಿದ್ದ ಕಡೆ, ಅನಿಲ ಚದುರಿಸಲು ಬಳಸುವ ರಶ್ಟನ್ ಟರ್ಬೈನ್ ಎಂಬ ಇಂಪೆಲ್ಲರ್ ಕೂರಿಸಿದ್ದರು. ಕಲಕಲು ಎಷ್ಟು ಶಕ್ತಿ ಬೇಕೆಂದು ತೋರಿಸುವ ಪವರ್ ನಂಬರ್ ಅದಕ್ಕೆ ಸುಮಾರು 5. 45 ಡಿಗ್ರಿ ಓರೆಯಾದ ನಾಲ್ಕು ಬ್ಲೇಡಿನದು ಸುಮಾರು 1.3. ವೇಗವನ್ನು ಶೇ. 10 ಏರಿಸಿದರೆ ಶಕ್ತಿ ಶೇ. 33, ವ್ಯಾಸವನ್ನು ಶೇ. 10 ಹೆಚ್ಚಿಸಿದರೆ ಶೇ. 61 ಏರುತ್ತದೆ. ಮೋಟರ್ ಟ್ರಿಪ್ ಆಗುತ್ತಿತ್ತು, ಶಾಫ್ಟ್ ಅದುರಿ ಅದರ ಸುತ್ತ ಸೋರಿಕೆ ತಡೆಯುವ ಮೆಕ್ಯಾನಿಕಲ್ ಸೀಲೇ ಸೋರುತ್ತಿತ್ತು. ನಾನು ಹಟ ಹಿಡಿದು ಓರೆ ಬ್ಲೇಡ್ ಹಾಕಿಸಿದೆ. ಅಂದಿನಿಂದ ಅಮ್ಮೀಟರ್ ಮುಳ್ಳು ಅಲ್ಲಾಡಿಲ್ಲ.

ಉತ್ಪಾದನಾ ವಿಭಾಗದವರು: ಕಥೆ ಎಂಬ ಮಾತನ್ನು ಹಿಂತೆಗೆದುಕೊಳ್ಳಿ. ಜೋರಾಗಿ ಕಲಕಿ ಶಾಖದ ತೊಂದರೆ ನೀಗಿಸಲಾಗದು: ವೇಗವನ್ನು ಇಮ್ಮಡಿಸಿದರೆ ಶಕ್ತಿ 8 ಪಟ್ಟು ಬೇಕು, ಒಳಗೋಡೆಯ ಶಾಖ ವರ್ಗಾವಣೆ ಗುಣಾಂಕ ಏರುವುದು ಸುಮಾರು 1.6 ಪಟ್ಟು ಮಾತ್ರ. ಗಾಜಿನ ಪದರದ ತಡೆ ಹಾಗೆಯೇ ಇರುತ್ತದೆ, ಮೇಲಾಗಿ ಕಲಕಲು ವ್ಯಯಿಸಿದ ಶಕ್ತಿಯೂ ಶಾಖವಾಗಿ ಅದೇ ದ್ರವಕ್ಕೆ ಸೇರುತ್ತದೆ.

ನಿರಂತರ ಪ್ರಕ್ರಿಯೆಯವರು: ಒಮ್ಮೆ ತುಂಬಿ ಮುಗಿಸುವ ಬ್ಯಾಚ್ ಪದ್ಧತಿಯನ್ನೇ ಬಿಟ್ಟು ದ್ರವ ನಿರಂತರ ಹರಿಯುವಂತೆ ಮಾಡಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ಮೊದಲ ದರ್ಜೆಯ (ಉಳಿದ ರಾಸಾಯನಿಕದ ಸಾಂದ್ರತೆಗೆ ತಕ್ಕಂತೆ ವೇಗವಿರುವ) ಕ್ರಿಯೆಯಲ್ಲಿ ಶೇ. 90 ಪರಿವರ್ತನೆಗೆ, ಕ್ರಿಯೆಯ ವೇಗ ಸೂಚಿಸುವ ದರ ಸ್ಥಿರಾಂಕವನ್ನು ದ್ರವ ಒಳಗಿರುವ ಕಾಲದಿಂದ ಗುಣಿಸಿದಾಗ ಒಂದೇ ಟ್ಯಾಂಕಿಗೆ 9 ಬರಬೇಕು. ಸಮಗಾತ್ರದ ಮೂರು ಟ್ಯಾಂಕುಗಳನ್ನು ಸಾಲಾಗಿ ಜೋಡಿಸಿದರೆ ಒಟ್ಟು ಸುಮಾರು 3.5 ಸಾಕು, ಅಂದರೆ ಒಟ್ಟು ಗಾತ್ರ ಅರ್ಧಕ್ಕಿಂತ ಕಡಿಮೆ. ನಮ್ಮ ಸಾಲು ಹೀಗೆಯೇ ಓಡುತ್ತಿದೆ, ನನಗೆ ಅದರ ಬಗ್ಗೆ ಹೆಮ್ಮೆಯಿದೆ.

ನಿರ್ವಹಣಾ ವಿಭಾಗದವರು: ಮೂರು ಟ್ಯಾಂಕ್ ಎಂದರೆ ಮೂರು ಗೇರ್‌ಬಾಕ್ಸ್, ಮೂರು ಸೀಲ್. ವರ್ಷವಿಡೀ ಒಂದೇ ಸರಕು ಮಾಡುವವರು ಹೇಳುವ ಮಾತಿದು. ಉತ್ಪನ್ನ ಬದಲಾದಾಗಲೆಲ್ಲ ಮೂರನ್ನೂ ತೊಳೆಯುವವರು ಯಾರು?

ನಿರಂತರ ಪ್ರಕ್ರಿಯೆಯವರು: ತೊಳೆಯಲು ಬೇಸರವಾದರೆ ಅದು ವಿನ್ಯಾಸದ ದೋಷವಲ್ಲ.

ಉತ್ಪಾದನಾ ವಿಭಾಗದವರು: ತಂಪುನೀರು ನಿಂತರೆ ಏನಾಗುತ್ತದೆ ಎಂಬುದನ್ನು ನೀವಿಬ್ಬರೂ ಹೇಳಲಿಲ್ಲ. 2007ರಲ್ಲಿ ಅಮೆರಿಕದ ಜಾಕ್ಸನ್‌ವಿಲ್‌ನಲ್ಲಿ ತಂಪುಗೊಳಿಸುವ ವ್ಯವಸ್ಥೆ ಕೈಕೊಟ್ಟು ಬ್ಯಾಚ್ ರಿಯಾಕ್ಟರ್ ಸಿಡಿದು ನಾಲ್ವರು ಸತ್ತರು. ಕೇಳಿದವರು ತಮ್ಮ ಕ್ರಿಯೆಯ ಶಾಖವನ್ನು ಕ್ಯಾಲೊರಿಮೀಟರಿನಲ್ಲಿ ಅಳೆಸಿದ್ದಾರೆಯೇ? ಆ ಅಂಕಿ ಕೈಗೆ ಬರುವವರೆಗೆ ಪಾತ್ರೆಗೆ ಆರ್ಡರ್ ಕೊಡಬೇಡಿ.