ಗೆರೆ ‘ಮುಟ್ಟಿದಳು’, ‘ದಾಟಿದಳು’, ‘ಎದೆ ಕೊಟ್ಟಳು’: ಓಟದ ಕೊನೆಗೆ ಸರಿಯಾದ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ. ಧಾರವಾಡದಿಂದ ಬರೆಯುತ್ತಿದ್ದೇನೆ. ಶಾಲಾ ಕ್ರೀಡಾಕೂಟಗಳಲ್ಲಿ ಮೈಕ್ ಹಿಡಿದು ಫಲಿತಾಂಶ ಹೇಳುವವರಿಗೆ ಮತ್ತು ದೈಹಿಕ ಶಿಕ್ಷಕರಿಗೆ ಅಂತ ಓಟದ ನಿಯಮಗಳನ್ನು ಕನ್ನಡದಲ್ಲಿ ಬರೆದು ಚಿಕ್ಕ ಕೈಪಿಡಿ ಮಾಡುತ್ತಿದ್ದೇನೆ. ಹೆಣ್ಣುಮಕ್ಕಳ 100 ಮೀಟರ್ ಓಟವನ್ನೇ ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಹೀಟ್ಸ್, ಸೆಮಿಫೈನಲ್, ಲೇನ್, ಫಾಲ್ಸ್ ಸ್ಟಾರ್ಟ್ ಇವನ್ನೆಲ್ಲ ಹಾಗೇ ಬಿಟ್ಟೆ. ಮೈದಾನಕ್ಕೆ ಬರುವ ಮಕ್ಕಳ ಬಾಯಲ್ಲಿ ಇರುವ ಮಾತುಗಳು ಅವು, ಬದಲಿಸುವ ಅಗತ್ಯ ಇಲ್ಲ. ತೊಡಕಾಗಿರುವುದು ಓಟ ಮುಗಿಯುವ ಕ್ಷಣದ ವಿಷಯದಲ್ಲಿ. ಅಲ್ಲಿ ಎರಡು ಮಾತು ಬೇಕು. ಒಂದು ಕ್ರಿಯಾಪದ, ಇನ್ನೊಂದು ಮೈಯ ಒಂದು ಭಾಗದ ಹೆಸರು.

ಮೊದಲು ನಿಯಮ ಏನು ಅಂತ ಹೇಳಿಬಿಡುತ್ತೇನೆ. ಓಟಗಾರ್ತಿಯ ತಲೆ, ಕುತ್ತಿಗೆ, ತೋಳು, ಕೈ, ಕಾಲು, ಪಾದ ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ. ಇಷ್ಟನ್ನು ಬಿಟ್ಟು ಉಳಿಯುವ ಮೈ ಇದೆಯಲ್ಲ, ಅದರ ಯಾವುದಾದರೂ ಭಾಗ ಕೊನೆಯ ಗೆರೆಯ ಈಚೆ ಅಂಚಿನ ನೇರಕ್ಕೆ ಬಂದ ಕ್ಷಣವೇ ಆಕೆಯ ಸಮಯ. ಈಚೆ ಅಂಚು ಅಂದರೆ ಓಡಿ ಬರುವವರಿಗೆ ಮೊದಲು ಸಿಗುವ ಅಂಚು. ಗೆರೆಯ ಅಗಲ 5 ಸೆಂಟಿಮೀಟರ್. 100 ಮೀಟರ್ ಅಳೆಯುವಾಗ ಶುರುವಿನ ಗೆರೆಯ ಅಗಲ ಅದರೊಳಗೆ ಸೇರುತ್ತದೆ, ಕೊನೆಯ ಗೆರೆಯ ಅಗಲ ಸೇರುವುದಿಲ್ಲ. ಆ ಗೆರೆಯ ಮೊದಲ ಅಂಚಿಗೇ ಓಟ ಮುಗಿದಿರುತ್ತದೆ.

ಹಾಗಿದ್ದರೆ ಪತ್ರಿಕೆಗಳಲ್ಲಿ ಬರುವ ‘ಅಂತಿಮ ಗೆರೆ ದಾಟಿದರು’ ಅನ್ನುವುದು ಸರಿಯೇ? ‘ದಾಟು’ ಅಂದ ಕೂಡಲೇ ನಮಗೆ ಆಚೆ ದಡ ನೆನಪಾಗುತ್ತದೆ. ಹೊಳೆ ದಾಟಿದ ಅಂದರೆ ಆಚೆ ಕಡೆ ಕಾಲಿಟ್ಟ ಅಂತ. ಹೊಸ್ತಿಲು ದಾಟಿದಳು ಅಂದರೆ ಹೊರಗೆ ಬಂದಳು ಅಂತ. ಗೆರೆ ದಾಟಬೇಕಾದರೆ ಆ 5 ಸೆಂಟಿಮೀಟರನ್ನೂ ಕಳೆಯಬೇಕು. ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಬರುವವರಿಗೆ ಅದಕ್ಕೆ ಹಿಡಿಯುವುದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಐದು ಭಾಗ. ಇಷ್ಟು ಸಣ್ಣದಕ್ಕೆ ಯಾಕೆ ತಲೆಕೆಡಿಸಿಕೊಳ್ಳುತ್ತೀರಿ ಅನ್ನಬಹುದು. ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಗಂಡಸರ 100 ಮೀಟರ್ ಫೈನಲ್ ತೀರ್ಮಾನವಾಗಿದ್ದು ಅಷ್ಟೇ ಅಂತರದಲ್ಲಿ. ಅಮೆರಿಕದ ನೋವಾ ಲೈಲ್ಸ್ 9.784 ಸೆಕೆಂಡ್, ಜಮೈಕಾದ ಕಿಶಾನೆ ಥಾಂಪ್ಸನ್ 9.789. ಗೆರೆಯ ನೇರಕ್ಕೆ ತೆಗೆದ ಫೋಟೊ ಫಿನಿಶ್ ಚಿತ್ರದಲ್ಲಿ ಥಾಂಪ್ಸನ್ ಪಾದ ಮುಂದಿತ್ತು, ಲೈಲ್ಸ್ ಎದೆ ಮುಂದಿತ್ತು. ಚಿನ್ನ ಎದೆಗೆ ಹೋಯಿತು.

ಆದ್ದರಿಂದ ನನ್ನ ಒಲವು ‘ಮುಟ್ಟು’ ಪದದ ಕಡೆಗೆ. ನಮ್ಮ ಕಡೆ ಈ ಪದಕ್ಕೆ ತಲುಪು ಅನ್ನುವ ಅರ್ಥ ಇನ್ನೂ ಗಟ್ಟಿಯಾಗಿದೆ. ಹುಬ್ಬಳ್ಳಿ ಬಸ್ ಹತ್ತಿಸುವಾಗ ‘ಮುಟ್ಟಿದ ಮ್ಯಾಲೆ ಫೋನ್ ಮಾಡು’ ಅಂತಲೇ ಹೇಳುತ್ತೇವೆ. ರೊಕ್ಕ ಮುಟ್ಟಿತು, ಪತ್ರ ಮುಟ್ಟಿತು, ಸುದ್ದಿ ಮುಟ್ಟಿತು. ಬೆಂಗಳೂರು, ಮೈಸೂರು ಕಡೆಯವರಿಗೆ ಈ ಪದ ಕೇಳಿದರೆ ಕೈಯಿಂದ ಮುಟ್ಟುವುದೇ ಮೊದಲು ಹೊಳೆಯಬಹುದು. ಆದರೂ ‘ಗುರಿ ಮುಟ್ಟಿದಳು’ ಎಲ್ಲ ಕಡೆಯೂ ನಡೆಯುವ ಮಾತು. ನಿಯಮಕ್ಕೂ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಅಂಚಿಗೆ ಬಂದರೆ ಸಾಕು, ಆಚೆ ಹೋಗಬೇಕಿಲ್ಲ. ಹೆಣ್ಣುಮಕ್ಕಳ ಓಟದ ವಿಷಯದಲ್ಲಿ ‘ಮುಟ್ಟು’ ಬೇಡ, ಬೇರೆ ಅರ್ಥ ಬರುತ್ತದೆ ಅಂತ ಒಬ್ಬ ಶಿಕ್ಷಕರು ಹೇಳಿದರು. ನಾನು ಒಪ್ಪಲಿಲ್ಲ. ‘ಗೆರೆ ಮುಟ್ಟಿದಳು’ ಅನ್ನುವ ವಾಕ್ಯದಲ್ಲಿ ಆ ಗೊಂದಲ ಹುಟ್ಟುವುದಿಲ್ಲ. ಹುಟ್ಟಿದರೂ ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಈಗ ಜಾಸ್ತಿ ಕಷ್ಟದ ಪ್ರಶ್ನೆ. ತಲೆ, ಕೈ, ಕಾಲು ಬಿಟ್ಟು ಉಳಿದ ಮೈಗೆ ಕನ್ನಡದಲ್ಲಿ ಏನನ್ನಬೇಕು?

ನಿಘಂಟು ತೆರೆದರೆ ಮೊದಲು ಸಿಗುವುದು ‘ಮುಂಡ’. ರುಂಡ ಮುಂಡ ಅಂತ ಜೋಡಿಯಾಗಿ ಬರುವ ಪದ. ತಲೆ ಲೆಕ್ಕಕ್ಕಿಲ್ಲ ಅನ್ನುವ ನಿಯಮಕ್ಕೆ ಅರ್ಥದಲ್ಲಿ ಹತ್ತಿರವೇ ಇದೆ. ಆದರೆ ಅದು ಯುದ್ಧಭೂಮಿಯಲ್ಲಿ ಬಿದ್ದ ಮೈ, ಜೀವ ಇಲ್ಲದ್ದು. ಅದೂ ಅಲ್ಲದೆ ಆ ಪದದ ಪಕ್ಕದಲ್ಲೇ ಗಂಡ ಸತ್ತ ಹೆಂಗಸನ್ನು ಬೈಯುವ ಪದವೊಂದು ನಿಂತಿದೆ. ನಮ್ಮ ಹಳ್ಳಿಗಳಲ್ಲಿ ಆ ಬೈಗುಳ ಇನ್ನೂ ಸತ್ತಿಲ್ಲ. ಹನ್ನೆರಡು ವರ್ಷದ ಹುಡುಗಿಯ ಓಟದ ಬಗ್ಗೆ ಮೈಕಿನಲ್ಲಿ ಈ ಪದ ಹೇಳುವುದು ನನಗೆ ಸಾಧ್ಯವೇ ಇಲ್ಲ.

ಹಳಗನ್ನಡದಲ್ಲಿ ಇದೇ ಅರ್ಥಕ್ಕೆ ‘ಅಟ್ಟೆ’ ಅನ್ನುವ ಪದ ಇತ್ತು. ತಲೆಯಿಲ್ಲದ ಒಡಲು ಅಂತ. ಅಚ್ಚಗನ್ನಡದ ಪದ, ಕೇಳಲೂ ಗಟ್ಟಿ. ಆದರೆ ಇವತ್ತು ಅಟ್ಟೆ ಅಂದರೆ ಚಪ್ಪಲಿಯ ಅಡಿ. ಓಟದ ನಿಯಮದಲ್ಲಿ ಅಟ್ಟೆ ಅಂತ ಬರೆದರೆ ಓದಿದ ಹುಡುಗಿ ಬೂಟು ಮುಂದೆ ಚಾಚುತ್ತಾಳೆ. ಅದು ನಿಯಮಕ್ಕೆ ಪೂರಾ ಉಲ್ಟಾ.

‘ಒಡಲು’ ಇನ್ನೊಂದು. ಚೆಂದದ ಪದ, ಆದರೆ ನಮ್ಮ ಕಡೆ ಒಡಲು ಅಂದರೆ ಹೊಟ್ಟೆಯ ಕಡೆಗೇ ಮನಸ್ಸು ಹೋಗುತ್ತದೆ. ‘ಮೈ’ ಅಂದರೆ ತಲೆಯಿಂದ ಕಾಲಿನವರೆಗೂ ಆಯಿತು. ‘ದೇಹದ ಮಧ್ಯಭಾಗ’ ಅಂತ ಬರೆದರೆ ಸೊಂಟ ಅಂದುಕೊಳ್ಳುತ್ತಾರೆ. ಕೊನೆಗೆ ಉಳಿಯುವುದು ‘ಎದೆ’.

ಎದೆ ಪೂರ್ತಿ ಹೊಂದುವುದಿಲ್ಲ, ನಿಜ. ನಿಯಮದಲ್ಲಿ ಹೊಟ್ಟೆ ಬೆನ್ನುಗಳೂ ಸೇರುತ್ತವೆ. ಆದರೆ ಕೊನೆಯ ಹೆಜ್ಜೆಯಲ್ಲಿ ಮುಂದಕ್ಕೆ ಬಾಗಿದವರಿಗೆ ಗೆರೆಗೆ ಮೊದಲು ಬರುವುದು ಎದೆಯ ಭಾಗವೇ. ಮೈದಾನದಲ್ಲಿ ಕಲಿಸುವವರೂ ಹಾಗೇ ಹೇಳುತ್ತಾರೆ. ಇಲ್ಲಿನ ಆರ್.ಎನ್. ಶೆಟ್ಟಿ ಕ್ರೀಡಾಂಗಣದಲ್ಲಿ ಬೆಳಿಗ್ಗೆ ನಿಂತು ಕೇಳಿದರೆ ಎರಡು ಮಾತು ಕಿವಿಗೆ ಬೀಳುತ್ತವೆ: ‘ಎದಿ ಕೊಡು’ ಮತ್ತು ‘ಎದಿ ಮುಂದ ಒಗಿ’. ದಕ್ಷಿಣದ ಓದುಗರಿಗಾಗಿ ಹೇಳುತ್ತೇನೆ, ನಮ್ಮಲ್ಲಿ ಒಗಿ ಅಂದರೆ ಎಸೆ ಅಂತ. ಕಲ್ಲು ಒಗೆಯುತ್ತೇವೆ, ಚೆಂಡು ಒಗೆಯುತ್ತೇವೆ. ಬಟ್ಟೆ ಒಗೆಯುವುದು ಬೇರೆ. ‘ಎದಿ ಒಗಿ’ ಅನ್ನುವುದರಲ್ಲಿ ಆ ಕೊನೆಯ ಕ್ಷಣದ ರಭಸ ಇದೆ. ಮೈಯನ್ನೇ ಎತ್ತಿ ಗೆರೆಯ ಮೇಲೆ ಎಸೆದ ಹಾಗೆ. ‘ದೇಹವನ್ನು ಮುಂದಕ್ಕೆ ಬಾಗಿಸಬೇಕು’ ಅಂತ ಬರೆದಾಗ ಆ ಜೀವ ಎಲ್ಲಿ ಉಳಿಯುತ್ತದೆ, ಹೇಳಿ.

ಹಿಂದೆ ಕೊನೆಗೆ ದಾರ ಹಿಡಿಯುತ್ತಿದ್ದರು. ಈಗಲೂ ಹಳ್ಳಿಯ ಶಾಲೆಗಳಲ್ಲಿ ಹಿಡಿಯುತ್ತಾರೆ. ಗೆದ್ದವಳ ಎದೆಗೆ ದಾರ ತಾಗಿ ಹರಿಯುತ್ತಿತ್ತು. ‘ದಾರ ಹರಿದಳು’ ಅಂದರೆ ಮೊದಲು ಬಂದಳು ಅಂತಲೇ ಅರ್ಥ. ಎದೆಗೂ ಓಟದ ಕೊನೆಗೂ ಇರುವ ನಂಟು ಹೊಸದೇನಲ್ಲ.

ಕರಡು ನೋಡಿದ ಒಬ್ಬರು ‘ಎದೆ’ ಅನ್ನು ಹೊಡೆದು ‘ದೇಹ’ ಅಂತ ತಿದ್ದಿದರು. ಗಂಡುಮಕ್ಕಳ ಪುಟದಲ್ಲಿ ಎದೆ ಹಾಗೇ ಇತ್ತು, ಹೆಣ್ಣುಮಕ್ಕಳ ಪುಟದಲ್ಲಿ ಮಾತ್ರ ತಿದ್ದಿದ್ದರು. ಸಂಕೋಚ ಅರ್ಥವಾಗುತ್ತದೆ. ಆದರೆ ಇದರಿಂದ ನಿಯಮವೇ ಕೆಡುತ್ತದೆ. ದೇಹ ಅಂದರೆ ಕೈಯೂ ಬಂತು, ಕಾಲೂ ಬಂತು. ಹುಡುಗಿಯರು ಕೈ ಮುಂದೆ ಚಾಚಿ ಗೆರೆಗೆ ಬರುತ್ತಾರೆ, ಎದೆ ಹಿಂದೆ ಉಳಿಯುತ್ತದೆ, ಪದಕ ತಪ್ಪುತ್ತದೆ. ನಮ್ಮ ಸಂಕೋಚಕ್ಕೆ ಅವರು ಯಾಕೆ ಬೆಲೆ ತೆರಬೇಕು? ಕನ್ನಡದಲ್ಲಿ ಎದೆ ಬರೀ ಅಂಗ ಅಲ್ಲ. ಧೈರ್ಯಕ್ಕೆ ಎದೆಗಾರಿಕೆ ಅನ್ನುತ್ತೇವೆ, ಹೆದರಿದರೆ ಎದೆಗುಂದಿದ ಅನ್ನುತ್ತೇವೆ, ಕಷ್ಟಕ್ಕೆ ಎದೆಯೊಡ್ಡಿದಳು ಅನ್ನುತ್ತೇವೆ. ಎದೆಗಾರ್ತಿ ಅನ್ನುವ ಪದ ಇರುವ ಭಾಷೆಯಲ್ಲಿ ಓಟಗಾರ್ತಿಯ ಎದೆಯನ್ನು ಹೆಸರಿಸಲು ಹಿಂಜರಿಯಬಾರದು.

ಎದೆ ಎಷ್ಟು ಮುಖ್ಯ ಅಂತ ತಿಳಿಯಲು ಪಿ.ಟಿ. ಉಷಾ ಅವರ ಓಟ ಸಾಕು. 1984, ಲಾಸ್ ಏಂಜಲೀಸ್, 400 ಮೀಟರ್ ಹರ್ಡಲ್ಸ್ ಫೈನಲ್. ರೊಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41, ಉಷಾ 55.42. ಸೆಕೆಂಡಿನ ನೂರರ ಒಂದು ಭಾಗಕ್ಕೆ ಕಂಚು ತಪ್ಪಿತು. ಗೆರೆಯ ಹತ್ತಿರ ಎದೆ ಮುಂದೆ ಹಾಕಿದ್ದರೆ ಸಿಗುತ್ತಿತ್ತು ಅಂತ ಇಂದಿಗೂ ಜನ ಮಾತಾಡುತ್ತಾರೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಹೆಂಗಸರ 100 ಮೀಟರ್ ನೋಡಿ. ಬಹ್ರೇನ್‌ನ ಎಡಿಡಿಯಾಂಗ್ ಒಡಿಯಾಂಗ್ 11.30, ನಮ್ಮ ದ್ಯುತಿ ಚಾಂದ್ 11.32, ಚೀನಾದ ವೇ ಯೊಂಗ್‌ಲಿ 11.33. ಮೂರೂ ಪದಕ ಸೆಕೆಂಡಿನ ನೂರರ ಮೂರು ಭಾಗದೊಳಗೆ. ಇನ್ನು 1993ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಗೇಲ್ ಡೆವರ್ಸ್ ಮತ್ತು ಜಮೈಕಾದ ಮರ್ಲೀನ್ ಓಟಿ ಇಬ್ಬರದೂ 10.82. ಮೂರು ವರ್ಷದ ನಂತರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಮತ್ತೆ ಅವರಿಬ್ಬರೇ, ಮತ್ತೆ ಒಂದೇ ಸಮಯ, 10.94. ಎರಡು ಸಲವೂ ಚಿತ್ರ ನೋಡಿ ಡೆವರ್ಸ್‌ಗೆ ಚಿನ್ನ ಕೊಟ್ಟರು. ಓಟಿ ಒಲಿಂಪಿಕ್ಸ್‌ನಲ್ಲಿ ಒಟ್ಟು 9 ಪದಕ ಗೆದ್ದರೂ ಒಂದೂ ಚಿನ್ನ ಸಿಗಲಿಲ್ಲ. ಇದನ್ನು ಓದಿದಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ.

ಇಂಥ ಓಟಗಳಿಗೆಲ್ಲ ನಾವು ‘ಕೂದಲೆಳೆ ಅಂತರ’ ಅಂತ ಬರೆದುಬಿಡುತ್ತೇವೆ. ಸುಮ್ನೆ ಲೆಕ್ಕ ಹಾಕಿ ನೋಡಿ. ಹೆಂಗಸರ 100 ಮೀಟರ್‌ನಲ್ಲಿ ಸೆಕೆಂಡಿನ ನೂರರ ಒಂದು ಭಾಗ ಅಂದರೆ ಹತ್ತಿರ ಹತ್ತಿರ 10 ಸೆಂಟಿಮೀಟರ್, ಅಂಗೈ ಅಗಲ. ಜಕಾರ್ತಾದಲ್ಲಿ ದ್ಯುತಿಗೂ ಚಿನ್ನಕ್ಕೂ ಇದ್ದ ದೂರ ಒಂದು ಗೇಣಿಗೆ ತುಸು ಕಡಿಮೆ. ಹರ್ಡಲ್ಸ್‌ನಲ್ಲಿ ವೇಗ ಕಡಿಮೆ, ಹಾಗಾಗಿ ಉಷಾಗೂ ಕಂಚಿಗೂ ಇದ್ದದ್ದು ನಾಲ್ಕು ಬೆರಳು. ನಮ್ಮ ಕಡೆ ಇದಕ್ಕೆ ನಾಕು ಬಟ್ಟು ಅನ್ನುತ್ತಾರೆ. 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಮೆಲಿಸಾ ಜೆಫರ್ಸನ್ ವುಡನ್ 100 ಮೀಟರನ್ನು 10.61ರಲ್ಲಿ ಓಡಿದರು, ಎರಡನೆಯವರಾದ ಜಮೈಕಾದ ಟೀನಾ ಕ್ಲೇಟನ್ 10.76. ಮೂರು ಮೊಳಕ್ಕೂ ಜಾಸ್ತಿ ಅಂತರ. ಅಲ್ಲಿ ಎದೆಯ ಪ್ರಶ್ನೆಯೇ ಬರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಬೆರಳು, ಗೇಣು, ಮೊಳ, ಮಾರು ಇಷ್ಟು ಅಳತೆಗಳು ನಮ್ಮ ಕೈಯಲ್ಲೇ ಇರುವಾಗ ಎಲ್ಲದಕ್ಕೂ ಕೂದಲನ್ನೇ ಎಳೆಯಬೇಕಾ? ‘ಒಂದು ಗೇಣಿನಿಂದ ಗೆದ್ದಳು’ ಅಂತ ಮೈಕಿನಲ್ಲಿ ಹೇಳಿದರೆ ಕಟ್ಟೆಯ ಮೇಲೆ ಕೂತ ಅಜ್ಜಿಗೂ ತಿಳಿಯುತ್ತದೆ.

ಇದರ ಜೊತೆಗೆ ಒಂದು ಚಿಕ್ಕ ಮಾತು. ಗದಗ, ಹಾವೇರಿ ಕಡೆಯ ಹಿರಿಯರು ಓಟದ ಸ್ಪರ್ಧೆಗೆ ‘ಓಡೂ ಷರತ್ತು’ ಅನ್ನುವುದುಂಟು. ಎತ್ತಿನ ಗಾಡಿಯ ಓಟಕ್ಕೂ ಷರತ್ತು ಅನ್ನುತ್ತಾರೆ. ದಕ್ಷಿಣದಲ್ಲಿ ಷರತ್ತು ಅಂದರೆ ಕರಾರು ಅಷ್ಟೇ. ಕೈಪಿಡಿ ಎಲ್ಲರಿಗೂ ಹೋಗಬೇಕು ಅಂತ ನಾನು ‘ಓಟ’ ಅಂತಲೇ ಇಟ್ಟುಕೊಂಡಿದ್ದೇನೆ. ಆದರೆ ಷರತ್ತು ತಪ್ಪು ಪದ ಅಂತ ಯಾರೂ ತಿದ್ದಬಾರದು. ಅದು ಇಲ್ಲಿ ಬಹಳ ಕಾಲದಿಂದ ಬಾಳಿದ ಅರ್ಥ.

ನಾನು ಕೇಳಬೇಕಾದ್ದು ಇಷ್ಟು. ‘ಎದಿ ಕೊಡು’, ‘ಎದಿ ಒಗಿ’ ಇವು ಧಾರವಾಡದ ಮೈದಾನದ ಮಾತೋ, ಅಥವಾ ಹಾವೇರಿ, ರಾಣೆಬೆನ್ನೂರು, ರೋಣ, ಮುಂಡರಗಿ ಕಡೆಯೂ ಇವೆಯೋ? ಅಲ್ಲಿ ಬೇರೆ ಮಾತಿದ್ದರೆ ಅದನ್ನು ಕೇಳಿದ ಹಾಗೇ, ತಾಲ್ಲೂಕಿನ ಹೆಸರಿನ ಜೊತೆ ಬರೆದು ತಿಳಿಸಿ. ಕರಾವಳಿಯವರು, ಮೈಸೂರು ಕಡೆಯವರು ಮಕ್ಕಳಿಗೆ ಇದನ್ನು ಹೇಗೆ ಹೇಳಿಕೊಡುತ್ತಾರೆ ಅನ್ನುವುದೂ ಬೇಕು. ತಲೆ, ಕೈ, ಕಾಲು ಬಿಟ್ಟು ಉಳಿದ ಮೈಗೆ ಕುಸ್ತಿಯ ಗರಡಿಯವರು, ದರ್ಜಿಗಳು, ನಾಟಿ ವೈದ್ಯರು ಬಳಸುವ ಒಂದೇ ಪದ ಏನಾದರೂ ಇದೆಯಾ? ದರ್ಜಿಗಳ ಮೇಲೆ ನನಗೆ ಹೆಚ್ಚು ಭರವಸೆ, ಯಾಕೆಂದರೆ ತೋಳು ಬಿಟ್ಟು ಅಂಗಿಯ ಮೈ ಕತ್ತರಿಸುವುದು ಅವರ ದಿನದ ಕೆಲಸ.

ಸದ್ಯಕ್ಕೆ ಬರೆದಿಟ್ಟಿರುವ ವಾಕ್ಯ ಇದು: ‘ಯಾರ ಎದೆ ಗೆರೆಯ ಈಚೆ ಅಂಚನ್ನು ಮೊದಲು ಮುಟ್ಟುತ್ತದೆಯೋ ಅವಳೇ ಗೆದ್ದಳು. ತಲೆ, ಕೈ, ಕಾಲು ಮೊದಲು ಬಂದರೆ ಲೆಕ್ಕಕ್ಕಿಲ್ಲ. ಹೊಟ್ಟೆ, ಬೆನ್ನು ಎದೆಯ ಲೆಕ್ಕಕ್ಕೇ ಸೇರುತ್ತವೆ.’ ಕೊನೆಯ ವಾಕ್ಯ ಇಲ್ಲದೆ ನಡೆಯುವಂಥ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ.